ಒಂಬತ್ತು ಮಿಲಿಮೀಟರ್ ಯಾರ ಲೆಕ್ಕಕ್ಕೆ?

2019ರ ಬೇಸಿಗೆ. ನಮ್ಮ ದೋಣಿಮಲೈ ಕಬ್ಬಿಣದ ಅದಿರಿನ ಗಣಿ ಹಿಂದಿನ ನವೆಂಬರ್‌ನಿಂದ ನಿಂತಿತ್ತು, ಮತ್ತೆ ಶುರುವಾಗಿದ್ದು 2021ರ ಫೆಬ್ರವರಿಯಲ್ಲಿ. ಊರಲ್ಲಿ ಎಲ್ಲರ ಕೈಯೂ ಬಿಗಿ. ಅಂಥ ಹೊತ್ತಲ್ಲೇ ನನಗೆ ಪುಸ್ತಕದ ಕಪಾಟನ್ನು ನಾನೇ ಮಾಡಿ ದುಡ್ಡು ಉಳಿಸುವ ಹುಕಿ ಬಂತು.

ಹೊಸಪೇಟೆಯಲ್ಲಿ 18 ಮಿ.ಮೀ. ಪ್ಲೈವುಡ್ ಒಂದು ಶೀಟು ತಗೊಂಡೆ. ಎಂಟು ನಾಲ್ಕಲಿ 32 ಚದರಡಿ, ಅಡಿಗೆ 80 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ: ಒಟ್ಟು 3,021. ಸಂಡೂರು ದಾಟಿ ಮನೆಗೆ ತರಲು ಲಗೇಜ್ ಗಾಡಿಗೆ 900. ಅಂದರೆ ಗರಗಸ ಮುಟ್ಟುವ ಮೊದಲೇ ಚದರಡಿಗೆ 122 ಬಿತ್ತು. ಅಂಗಡಿಯವನು ಹೇಳಿದ ಎಂಬತ್ತನ್ನೇ ತಲೆಯಲ್ಲಿಟ್ಟುಕೊಂಡು ಕೊಯ್ದಿದ್ದು ನನ್ನ ಮೊದಲ ತಪ್ಪು.

ಎರಡನೆಯದು ಇನ್ನೂ ದುಬಾರಿ. ಮೂವತ್ತು ಕೆಜಿ ದಾಟುವ ಶೀಟನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ ಕಟರ್ ಓಡಿಸಿದೆ. ಮುಕ್ಕಾಲು ದೂರ ಹೋಗುವಷ್ಟರಲ್ಲಿ ನಡು ಜೋತುಬಿತ್ತು, ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿತು, ಕಟರ್ ನನ್ನ ಕಡೆಗೇ ಒದೆಯಿತು. ಹಲಗೆ ಕೆಳಗೆ ಬಿದ್ದು ಮೂಲೆ ಒಡೆಯಿತು. ಬೆರಳು ಉಳಿದವು, ಆಸ್ಪತ್ರೆಯ ಬಿಲ್ಲು ಈ ಅಂಕಣಕ್ಕೆ ಬರದೆ ಹೋಗಿದ್ದು ನನ್ನ ಪುಣ್ಯ. ಹೆಂಡತಿ ಬಾಗಿಲಲ್ಲಿ ನಿಂತು, “ಇಷ್ಟು ರೊಕ್ಕದಾಗ ರೆಡಿಮೇಡ್ ಕಪಾಟೇ ಬರ್ತಿತ್ತಲ್ರಿ” ಅಂದಳು.

ಮೂರನೆಯ ತಪ್ಪು ಕಣ್ಣಿಗೇ ಬೀಳಲಿಲ್ಲ. 1220 ಮಿ.ಮೀ. ಅಗಲದಲ್ಲಿ 305ರ ನಾಲ್ಕು ಪಟ್ಟಿ ಅಂತ ಪೆನ್ಸಿಲ್ ಗೆರೆ ಎಳೆದಿದ್ದೆ. ಲೆಕ್ಕ ಸರಿಯೇ. ಆದರೆ ಬ್ಲೇಡು ಒಂದೊಂದು ಓಟಕ್ಕೂ 3 ಮಿ.ಮೀ. ಮರವನ್ನು ಪುಡಿ ಮಾಡಿ ತಿನ್ನುತ್ತದೆ. ಮೂರು ಓಟಕ್ಕೆ ಒಂಬತ್ತು. ಕೊನೆಯ ಪಟ್ಟಿ 296ಕ್ಕೆ ನಿಂತಿತು. ಬ್ಯಾಂಕಿನವರು ಹೇಳದೇ ಮುರಿದುಕೊಳ್ಳುವ ಸಣ್ಣ ಶುಲ್ಕದ ಹಾಗೆ. ನಾಲ್ಕನ್ನೂ 302ಕ್ಕೆ ಇಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸಂಡೂರಿನ ಹಿರಿಯ ಬಡಗಿಯೊಬ್ಬರು ಒಡೆದ ಮೂಲೆ ನೋಡಿ ನಕ್ಕರು. “ಸಾರ್, ಶೀಟು ಗಾಳ್ಯಾಗ ಯಾಕ ಕೊಯ್ತೀರಿ? ನೆಲಕ್ಕ ಮಲಗಸ್ರಿ, ಅದರ ಮ್ಯಾಲೆ ನೀವೂ ಕುಂದ್ರಿ.” ನಾಲ್ಕು ರೀಪರ್ ತುಂಡು ಹಾಸಿ, ಸೀಳುವ ಗೆರೆಯ ಎರಡೂ ಬದಿಗೆ ಆಸರೆ ಬರುವಂತೆ ಶೀಟು ಇಟ್ಟರು. ಚೆಂದದ ಮುಖ ಕೆಳಗೆ. ಕಟರ್‌ನ ದುಂಡು ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಚಕ್ಕೆ ಏಳುವುದು ಮೇಲಿನ ಮುಖದಲ್ಲಿ. ಮೇಸ್ತ್ರಿಗಳು ಗಿಲಾವು ಎಳೆಯುವ ಅಲ್ಯೂಮಿನಿಯಂ ಪಟ್ಟಿಯನ್ನು ಎರಡು ಕ್ಲ್ಯಾಂಪಿನಲ್ಲಿ ಬಿಗಿದು ಅದರ ಅಂಚಿಗೇ ಯಂತ್ರ ಓಡಿಸಿದರು. ಹಲ್ಲು ಹಲಗೆಯಿಂದ ಐದು ಮಿ.ಮೀ. ಮಾತ್ರ ಆಚೆಗೆ. ಹೊಸ ಖರ್ಚು ಸೊನ್ನೆ.

ಆದರೂ ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಗರಗಸ, ಕೊಳ್ಳುವ ಆಸೆ ಬಿಡಲಿಲ್ಲ. ನನಗೆ ಹೇಳಿದ ಬೆಲೆ 38,000. ಆ ದುಡ್ಡು ಠೇವಣಿಯಲ್ಲಿ ಶೇ 7ಕ್ಕೆ ಕೂತಿತ್ತು, ವರ್ಷಕ್ಕೆ 2,660 ಬಡ್ಡಿ. ನಾನು ಕೊಯ್ಯುವುದು ವರ್ಷಕ್ಕೆ ಆರು ಶೀಟು. ಶೀಟು ಮಾರುವ ಇನ್ನೊಂದು ಅಂಗಡಿಯಲ್ಲಿ ದೊಡ್ಡ ಗರಗಸವಿತ್ತು, ಆಗ ಒಂದು ಸೀಳಿಗೆ 30 ರೂಪಾಯಿ. ಶೀಟಿಗೆ ನಾಲ್ಕು ಅಂದರೂ ವರ್ಷಕ್ಕೆ 720. ಮೊದಲು ಅಡ್ಡಕ್ಕೆ ಒಂದು, ಆಮೇಲೆ ಎರಡು ಅರ್ಧಗಳನ್ನೂ ಒಂದರ ಮೇಲೊಂದಿಟ್ಟು ಉದ್ದಕ್ಕೆ ಮೂರು. ನಾಲ್ಕಡಿಯ ತುಂಡುಗಳು ಹಿಂದಿನ ಸೀಟು ಮಡಚಿದರೆ ಕಾರಿನಲ್ಲೇ ಬರುತ್ತವೆ. ಗಾಡಿಯ 900 ಕೂಡ ಉಳಿಯಿತು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಹೊಳೆದದ್ದು: ಎಂಟಡಿ ಶೀಟು ಟೇಬಲ್ ಸಾ ಮೇಲೆ ಓಡಬೇಕಾದರೆ ಮುಂದೆ ಎಂಟಡಿ, ಹಿಂದೆ ಎಂಟಡಿ ಜಾಗ ಬೇಕು. ನನ್ನ ತಗಡಿನ ಶೆಡ್ಡು ಹತ್ತಕ್ಕೆ ಹನ್ನೆರಡು.

ಉಳಿತಾಯದ ಇನ್ನೊಂದು ದಾರಿ ಬಿಲ್ಲಿನಲ್ಲೇ ಇರುತ್ತದೆ. ಪುಸ್ತಕದ ಕಪಾಟಿಗೆ ಐಎಸ್ 303 ಮುದ್ರೆಯ ಸಾಮಾನ್ಯ ಬಳಕೆಯ ಶೀಟು ಸಾಕು. ಐಎಸ್ 710 ಮರೀನ್ ಅಂತ ದುಬಾರಿಯದನ್ನು ಕೈಗೆ ಹಿಡಿಸಿದರೆ, ನಿಮ್ಮ ಪುಸ್ತಕಗಳು ನೀರಲ್ಲಿ ನಿಲ್ಲುತ್ತವಾ ಅಂತ ಕೇಳಿ.

ಆ 296ರ ಪಟ್ಟಿ ಕಪಾಟಿನ ತಳದ ಖಾನೆಯಲ್ಲಿದೆ. ಹಿಂದೆ ಉಳಿದ ಸಂದಿಯಲ್ಲಿ ಗಣಿಯ ಕೆಂಪು ಧೂಳು ಕೂರುತ್ತದೆ, ವಾರಕ್ಕೊಮ್ಮೆ ಒರೆಸುವ ಕೆಲಸ ನನ್ನದೇ.