ದಿನ ತುಂಬದೆ ಹುಟ್ಟಿದ ಶಿಶು: ಆಸ್ಪತ್ರೆಯ ಶುಶ್ರೂಷೆ ಮತ್ತು ತಾಯಿತಂದೆಯರ ಕರ್ತವ್ಯ

ನವಮಾಸ ತುಂಬುವುದನ್ನು ಎದುರು ನೋಡುತ್ತಿರುವ ಮನೆಯಲ್ಲಿ ಏಳನೆಯ ಅಥವಾ ಎಂಟನೆಯ ತಿಂಗಳಿಗೇ ಹೆರಿಗೆಯಾದರೆ, ಸಂತೋಷಕ್ಕಿಂತ ಮೊದಲು ಭಯವು ಆವರಿಸುತ್ತದೆ. ಅಂಗೈಯಗಲದ ಕೂಸನ್ನು ಕಂಡು, ಇದು ಉಳಿಯುವುದಿಲ್ಲವೆಂದು ಹಿರಿಯರು ಕೈಚೆಲ್ಲುವುದುಂಟು. ಏಳು ತಿಂಗಳ ಕೂಸು ಬದುಕೀತು, ಎಂಟು ತಿಂಗಳದ್ದು ಬದುಕದು ಎಂಬ ನಂಬಿಕೆಯೂ ಹಲವೆಡೆ ಇದೆ. ಇದಕ್ಕೆ ಯಾವ ಆಧಾರವೂ ಇಲ್ಲ. ಗರ್ಭದಲ್ಲಿ ಹೆಚ್ಚು ದಿನ ಬೆಳೆದಷ್ಟೂ ಶಿಶುವಿನ ಜೀವಶಕ್ತಿ ಹೆಚ್ಚು. ಇಂತಹ ಶಿಶುಗಳಲ್ಲಿ ಅನೇಕರನ್ನು ಸಕಾಲದ ಶುಶ್ರೂಷೆಯಿಂದ ಉಳಿಸಿಕೊಳ್ಳಬಹುದು. ಅದರಲ್ಲಿ ದಂಪತಿಗಳಾದ ನಿಮ್ಮ ಪಾತ್ರವೇನೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಅವಧಿಪೂರ್ವ ಶಿಶು ಎಂದರೇನು?

ಗರ್ಭದ 37 ವಾರಗಳು ತುಂಬುವ ಮುನ್ನ ಹುಟ್ಟಿದ ಶಿಶುವನ್ನು ಅವಧಿಪೂರ್ವ ಶಿಶುವೆನ್ನುತ್ತಾರೆ. ಇದರ ಚರ್ಮದ ಕೆಳಗೆ ಕೊಬ್ಬು ಕಡಿಮೆಯಿರುವುದರಿಂದ ಮೈ ಬೇಗನೆ ತಣ್ಣಗಾಗುತ್ತದೆ. ಶ್ವಾಸಕೋಶಗಳು ಪೂರ್ಣವಾಗಿ ಬಲಿತಿರುವುದಿಲ್ಲ. ಸುಮಾರು 34 ವಾರಗಳಿಗೆ ಮುಂಚೆ ಹುಟ್ಟಿದ ಶಿಶುವಿಗೆ ಹಾಲು ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡಲು ಸಾಧಾರಣವಾಗಿ ಬಾರದು. ರೋಗಾಣುಗಳನ್ನು ಎದುರಿಸುವ ಶಕ್ತಿಯೂ ಅಲ್ಪ.

ಅವಳಿ ಗರ್ಭ, ತಾಯಿಯ ಅಧಿಕ ರಕ್ತದೊತ್ತಡ, ಸೋಂಕು, ರಕ್ತಹೀನತೆ, ಹೆರಿಗೆಗಳ ನಡುವೆ ಕಡಿಮೆ ಅಂತರ ಮುಂತಾದುವು ಇದಕ್ಕೆ ಕಾರಣವಾಗಬಹುದು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಆದುದರಿಂದ ಗ್ರಹಣದ ದೋಷವೆಂದಾಗಲಿ, ಸೊಸೆಯ ಕಾಲ್ಗುಣವೆಂದಾಗಲಿ ತಾಯಿಯನ್ನು ದೂರುವುದು ಅನ್ಯಾಯ. ನೊಂದ ತಾಯಿಗೆ ಆ ವೇಳೆಯಲ್ಲಿ ಬೇಕಾದುದು ಧೈರ್ಯ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ?

ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗಾಗಿ ವಿಶೇಷ ಆರೈಕೆ ಘಟಕಗಳಿವೆ. ಅಲ್ಲಿಯ ಯಂತ್ರಗಳನ್ನೂ ನಳಿಕೆಗಳನ್ನೂ ಕಂಡು ಗಾಬರಿಪಡಬೇಡಿ. ಒಂದೊಂದಕ್ಕೂ ಒಂದೊಂದು ಉದ್ದೇಶವಿದೆ. ಶಾಖ ನೀಡುವ ಸಾಧನವು ಮೈಯ ಶಾಖವನ್ನು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತದೆ. ಮೂಗಿನಿಂದ ಅಥವಾ ಬಾಯಿಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯು ಹಾಲು ಕೊಡಲು. ನೀಲಿ ಬೆಳಕು ಕಾಮಾಲೆಗೆ ಚಿಕಿತ್ಸೆ. ಆಗ ಕಣ್ಣಿಗೆ ಪಟ್ಟಿ ಕಟ್ಟುವುದು ಬೆಳಕಿನಿಂದ ರಕ್ಷಿಸಲು. ಕೆಲವು ಶಿಶುಗಳು ನಡುನಡುವೆ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಯಂತ್ರವು ಸದ್ದು ಮಾಡಿ ಎಚ್ಚರಿಸಿದೊಡನೆ ದಾದಿಯು ಅಂಗಾಲನ್ನು ಮೆಲ್ಲಗೆ ತಟ್ಟಿ ಉಸಿರನ್ನು ಮರಳಿಸುವಳು.

ಶಿಶುವನ್ನು ಬದುಕಿಸುವುದರ ಜೊತೆಗೆ ಅದಕ್ಕೆ ನೆಮ್ಮದಿಯನ್ನೂ ನೀಡುವುದು ಶುಶ್ರೂಷೆಯ ಭಾಗ. ತಾಯಿಯ ಗರ್ಭವು ಕತ್ತಲೆಯ, ಬೆಚ್ಚನೆಯ, ಇಕ್ಕಟ್ಟಾದ ತಾಣ. ಅಲ್ಲಿಂದ ಬೇಗ ಹೊರಬಂದ ಕೂಸಿಗೆ ತೀವ್ರವಾದ ಬೆಳಕು, ಗದ್ದಲ, ಪದೇ ಪದೇ ಮುಟ್ಟುವುದು ಎಲ್ಲವೂ ಆಯಾಸವೇ. ಆದಕಾರಣ ದಾದಿಯರು ಬಟ್ಟೆಯ ಸುರುಳಿಯಿಂದ ಹಕ್ಕಿಗೂಡಿನಂತೆ ಆಸರೆ ಮಾಡಿ, ಕೈಕಾಲು ಮಡಿಸಿ ಮಲಗಿಸುತ್ತಾರೆ. ಬೆಳಕನ್ನು ತಗ್ಗಿಸುತ್ತಾರೆ. ಮಾಡಬೇಕಾದ ಕೆಲಸಗಳನ್ನು ಒಟ್ಟಿಗೆ ಮುಗಿಸಿ ನಿದ್ರೆಗೆ ಬಿಡುತ್ತಾರೆ. ಸೂಜಿ ಚುಚ್ಚುವಾಗ ಎದೆಹಾಲಿನ ಕೆಲವು ಹನಿಗಳನ್ನು ನಾಲಿಗೆಗೆ ಮುಟ್ಟಿಸಿದರೆ ನೋವು ಕಡಿಮೆಯಾಗುತ್ತದೆ. ದಾದಿಯ ಅನುಮತಿ ಪಡೆದು ನೀವೂ ಒಂದು ಕೈಯನ್ನು ತಲೆಗೆ, ಇನ್ನೊಂದನ್ನು ಪಾದಗಳಿಗೆ ಆಸರೆಯಾಗಿ ಇಡಬಹುದು. ಸವರಬಾರದು, ಸ್ಥಿರವಾಗಿ ಹಿಡಿದಿರಬೇಕು. ಮುಟ್ಟುವ ಮುನ್ನ ಬಳೆ, ಉಂಗುರ, ಗಡಿಯಾರಗಳನ್ನು ತೆಗೆದು ಮೊಣಕೈವರೆಗೆ ಸಾಬೂನಿನಿಂದ ತೊಳೆಯಲೇಬೇಕು.

ತಾಯಿಯ ಎದೆಯೇ ಬೆಚ್ಚನೆಯ ತೊಟ್ಟಿಲು

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಶಾಖಪೆಟ್ಟಿಗೆಗಳು ಸಾಲದಾದಾಗ, ಡಾ. ಎಡ್ಗರ್ ರೇ ಎಂಬ ವೈದ್ಯರು 1978ರಲ್ಲಿ ಸುಲಭವಾದ ಮಾರ್ಗವೊಂದನ್ನು ಸೂಚಿಸಿದರು. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವ ಕಾಂಗರೂವಿನಂತೆ ತಾಯಿಯು ಶಿಶುವನ್ನು ಎದೆಗೆ ಒತ್ತಿಕೊಂಡಿರುವುದೇ ಆ ಮಾರ್ಗ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನೋಡಿರಿ. ಒಂದರಿಂದ 1.8 ಕಿಲೋಗ್ರಾಂವರೆಗಿನ ತೂಕದ ಶಿಶುಗಳಿಗೆ ಸ್ಥಿತಿ ಸುಧಾರಿಸಿದ ನಂತರ ಈ ಆರೈಕೆ ಆರಂಭಿಸಿದಾಗ, ಮೊದಲ 28 ದಿನಗಳಲ್ಲಿ ನೂರಕ್ಕೆ ಸುಮಾರು 16 ಶಿಶುಗಳು ತೀರಿಕೊಂಡವು. ಹುಟ್ಟಿದ ಕೂಡಲೇ ಆರಂಭಿಸಿದಾಗ ಆ ಸಂಖ್ಯೆ 12ಕ್ಕೆ ಇಳಿಯಿತು. ನೂರರಲ್ಲಿ ನಾಲ್ಕು ಜೀವಗಳು ಉಳಿದುದು ಸಣ್ಣ ಮಾತಲ್ಲ.

ಮಾಡುವ ಕ್ರಮ ಹೀಗಿದೆ:

1. ಶಿಶುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ತೊಡಿಸಿ, ತಾಯಿಯ ಸ್ತನಗಳ ನಡುವೆ ನೇರವಾಗಿ, ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಬೇಕು.
2. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಗಲ್ಲವನ್ನು ತುಸು ಮೇಲೆತ್ತಿರಬೇಕು. ಮೂಗು ಬಾಯಿಗಳು ಮುಚ್ಚಬಾರದು.
3. ಕೈಕಾಲುಗಳು ಕಪ್ಪೆಯಂತೆ ಮಡಿಸಿರಬೇಕು. ಮೇಲೆ ಶುಭ್ರವಾದ ಬಟ್ಟೆಯಿಂದ ಭದ್ರವಾಗಿ ಕಟ್ಟಬೇಕು.
4. ದಿನಕ್ಕೆ ಎಂಟು ಗಂಟೆಗೆ ಕಡಿಮೆಯಾಗದಂತೆ, ಸಾಧ್ಯವಿದ್ದಷ್ಟು ಹೆಚ್ಚು ಹೊತ್ತು ಹೀಗಿರಬೇಕು.

ತಾಯಿ ದಣಿದಾಗ ತಂದೆ, ಅಜ್ಜಿ ಅಥವಾ ಚಿಕ್ಕಮ್ಮ ಈ ಕಾರ್ಯವನ್ನು ಮಾಡಬಹುದು. ಪುರುಡಿನ ಕಾರಣ ಹೇಳಿ ತಂದೆ ದೂರ ನಿಲ್ಲಬಾರದು. ಗಂಡಸಿನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಎದೆಹಾಲೇ ಔಷಧ

ದಿನ ತುಂಬದೆ ಹೆತ್ತ ತಾಯಿಯ ಹಾಲು ಆ ಶಿಶುವಿಗೇ ತಕ್ಕಂತಿರುತ್ತದೆ. ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ಚೆಲ್ಲಬಾರದು. ಶಿಶು ಚೀಪದಿದ್ದರೂ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಕೈಯಿಂದ ಹಾಲನ್ನು ಹಿಂಡಿ ಶುದ್ಧವಾದ ಬಟ್ಟಲಿಗೆ ತೆಗೆಯಬೇಕು. ಹೀಗೆ ಮಾಡಿದರೆ ಹಾಲು ಬತ್ತುವುದಿಲ್ಲ. ನಳಿಕೆಯ ನಂತರ ಒಳಲೆಯಿಂದ, ಆಮೇಲೆ ಮೊಲೆಯಿಂದ ಕುಡಿಯಲು ಕೂಸು ಕ್ರಮವಾಗಿ ಕಲಿಯುತ್ತದೆ. ಜೇನು, ಸಕ್ಕರೆ ನೀರು, ಬಜೆ, ಹಸುವಿನ ಹಾಲು, ಬಾಟಲಿ ಇವಾವುವೂ ಬೇಡ. ಮೊದಲ ವಾರ ತೂಕ ಇಳಿಯುವುದು ಸಹಜ. ತರುವಾಯ ಏರತೊಡಗುತ್ತದೆ. ಬಾಣಂತಿಗೆ ಹೊಟ್ಟೆ ತುಂಬ ಊಟ, ಸಾಕಷ್ಟು ನೀರು ಒದಗಿಸುವುದು ಮನೆಯವರ ಹೊಣೆ.

ನಡುವೆಯೇ ಮನೆಗೆ ಕರೆದೊಯ್ಯಬೇಡಿ

ಹೊಲದ ಕೆಲಸ ನಿಂತಿತೆಂದೋ, ಖರ್ಚಿನ ಭಯದಿಂದಲೋ, ಹುಟ್ಟಿದುದು ಹೆಣ್ಣೆಂದೋ ಚಿಕಿತ್ಸೆ ಮುಗಿಯುವ ಮುನ್ನ ಶಿಶುವನ್ನು ಕರೆದೊಯ್ಯುವುದು ಅದರ ಪ್ರಾಣಕ್ಕೇ ಅಪಾಯ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಶಿಶುವಿಗೆ ಚಿಕಿತ್ಸೆ, ಔಷಧ, ವಾಹನ ಸೌಕರ್ಯ ಉಚಿತ.

ಬಿಡುಗಡೆಗೆ ಮುನ್ನ ಕಣ್ಣಿನ ಪರೀಕ್ಷೆಯ ದಿನವನ್ನು ಕೇಳಿ ಬರೆಸಿಕೊಳ್ಳಿರಿ. ಬೇಗ ಹುಟ್ಟಿದ ಶಿಶುಗಳ ಅಕ್ಷಿಪಟಲಕ್ಕೆ ಹಾನಿಯಾಗಿ ದೃಷ್ಟಿ ಹೋಗಬಹುದು. ಹುಟ್ಟಿದ ಸುಮಾರು ಒಂದು ತಿಂಗಳೊಳಗೆ ಪರೀಕ್ಷಿಸಿ ಚಿಕಿತ್ಸೆ ನೀಡಿದರೆ ಬಹುಮಟ್ಟಿಗೆ ಕುರುಡುತನವನ್ನು ತಪ್ಪಿಸಬಹುದು. ಹೊರನೋಟಕ್ಕೆ ಕಣ್ಣು ಚೆನ್ನಾಗಿಯೇ ಕಾಣುವುದರಿಂದ ಈ ಪರೀಕ್ಷೆಯನ್ನು ಉದಾಸೀನ ಮಾಡಬೇಡಿ.

ಮನೆಯಲ್ಲಿಯೂ ಎದೆಗೊತ್ತಿಕೊಳ್ಳುವ ಆರೈಕೆಯನ್ನು ಮುಂದುವರಿಸಿರಿ. ಶಿಶು ಹಾಲು ಬಿಟ್ಟರೆ, ಪಾದಗಳು ತಣ್ಣಗಾದರೆ, ಜ್ವರ ಬಂದರೆ, ಉಸಿರು ಏದಿದರೆ ಅಥವಾ ನಿಂತು ನಿಂತು ಬಂದರೆ, ಸೆಳವು ಕಂಡರೆ, ಅಂಗಾಲು ಹಳದಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ದಾರಿಯಲ್ಲಿಯೂ ಶಿಶು ಎದೆಗೆ ಒತ್ತಿಕೊಂಡೇ ಇರಲಿ.

ಮುಂದಿನ ಗರ್ಭದ ಬಗೆಗೆ

ತಾಯಿಯ ದೇಹವು ಮರಳಿ ಪುಷ್ಟಿಗೊಳ್ಳಲು ಕಾಲ ಬೇಕು. ಈ ಹೆರಿಗೆಗೂ ಮುಂದಿನ ಹೆರಿಗೆಗೂ ಮೂರು ವರ್ಷಗಳ ಅಂತರವಿರಲಿ. ತಕ್ಕ ವಿಧಾನವನ್ನು ದಂಪತಿಗಳಿಬ್ಬರೂ ಕೂಡಿ ವೈದ್ಯರೊಡನೆ ಆಲೋಚಿಸಿರಿ. ಮುಂದಿನ ಗರ್ಭದಲ್ಲಿ ಮೊದಲ ತಿಂಗಳುಗಳಲ್ಲೇ ಹೆಸರು ನೋಂದಾಯಿಸಿ, ಹಿಂದೆ ದಿನ ತುಂಬದೆ ಹೆರಿಗೆಯಾದುದನ್ನು ತಪ್ಪದೆ ತಿಳಿಸಿರಿ.

ಚರ್ಚಿಸಿರಿ

1. ನಿಮ್ಮ ಮನೆಯಲ್ಲಿ ತಾಯಿಯ ಬದಲಿಗೆ ಶಿಶುವನ್ನು ಎದೆಗೊತ್ತಿಕೊಳ್ಳಬಲ್ಲವರು ಯಾರು?
2. ತಾಯಿಯು ಆಸ್ಪತ್ರೆಯಲ್ಲಿರುವಾಗ ಮನೆಯ ಕೆಲಸವನ್ನೂ ಇತರ ಮಕ್ಕಳನ್ನೂ ನೋಡಿಕೊಳ್ಳುವವರು ಯಾರು?