ಎಸೆಯುವ ಮುನ್ನ ಪ್ರಿಂಟರಿನ ಬೆನ್ನು ನೋಡಿ

ಸಣ್ಣ ಕಚೇರಿಗಳಲ್ಲಿ ಇದು ಮಾಮೂಲು. ಎಚ್‌ಪಿ 1020 ಅಥವಾ ಕ್ಯಾನನ್ ಎಲ್‌ಬಿಪಿ 2900 ಲೇಸರ್ ಪ್ರಿಂಟರು ಒಬ್ಬರ ಮೇಜಿನ ಮೇಲಿರುತ್ತದೆ. ಉಳಿದವರೆಲ್ಲ ಪೆನ್‌ಡ್ರೈವ್ ಹಿಡಿದು ‘ಸ್ವಲ್ಪ ಏಳ್ತೀರಾ ಸರ್, ಒಂದೇ ಪೇಜು’ ಎಂದು ಆ ಕುರ್ಚಿಯ ಪಕ್ಕ ನಿಲ್ಲುತ್ತಾರೆ. ಯಂತ್ರ ಗಟ್ಟಿಮುಟ್ಟಾಗಿದೆ, ಟೋನರ್ ತುಂಬಿಸುವ ಖರ್ಚು ಕಡಿಮೆ, ರಿಪೇರಿ ಗೊತ್ತಿರುವವರು ಊರಲ್ಲೇ ಇದ್ದಾರೆ. ಹೊಸ ವೈಫೈ ಪ್ರಿಂಟರಿಗೆ ಕೊಟೇಷನ್ ತರಿಸುವ ಮೊದಲು ಇದನ್ನೇ ಎಲ್ಲ ಕಂಪ್ಯೂಟರುಗಳಿಗೂ ಜೋಡಿಸಲು ಆಗುತ್ತದೆಯೇ ನೋಡಿ. ಬಹುಪಾಲು ಆಗುತ್ತದೆ. ದಾರಿ ಯಾವುದು ಎಂಬುದು ಪ್ರಿಂಟರಿನ ಜಾತಿಯ ಮೇಲೆ ಹೋಗುತ್ತದೆ. ಅದನ್ನು ತಿಳಿಯದೆ ಅಂಗಡಿಗೆ ಹೋದರೆ ದುಡ್ಡು ದಂಡ.

ಮೊದಲು ಜಾತಿ ತಿಳಿಯಿರಿ

ಪ್ರಿಂಟರನ್ನು ತಿರುಗಿಸಿ ಹಿಂಬದಿ ನೋಡಿ. ಇಂಟರ್ನೆಟ್ ಕೇಬಲ್ ಸಿಕ್ಕಿಸುವಂಥ ಕಿಂಡಿ ಇದ್ದರೆ ನೀವು ಅದೃಷ್ಟವಂತರು. ಅದು ನೆಟ್‌ವರ್ಕ್ ಪ್ರಿಂಟರೇ, ಇಷ್ಟು ದಿನ ಯಾರೂ ಕೇಬಲ್ ಹಾಕಿಲ್ಲ ಅಷ್ಟೆ. ಚೌಕಾಕಾರದ ಕಿಂಡಿಯಾದರೆ ಯುಎಸ್‌ಬಿ. ಎರಡು ಪಕ್ಕದಲ್ಲಿ ತಂತಿಯ ಕೊಂಡಿಗಳಿರುವ ಅಗಲವಾದ ಕಿಂಡಿಯಾದರೆ ಪ್ಯಾರಲಲ್ ಪೋರ್ಟ್. ಹಳೆಯ ಡಾಟ್ ಮ್ಯಾಟ್ರಿಕ್ಸ್‌ಗಳಲ್ಲಿ ಇರುವುದು ಇದೇ.

ಕಿಂಡಿ ನೋಡಿದರೆ ಸಾಲದು, ತಲೆಯನ್ನೂ ನೋಡಬೇಕು. ಸಾಮಾನಿನ ಪಟ್ಟಿ ಕೊಟ್ಟರೆ ತಾನೇ ಅಡುಗೆ ಮಾಡುವ ಭಟ್ಟರು ಬೇರೆ, ಬೇಯಿಸಿಟ್ಟದ್ದನ್ನು ಬಡಿಸುವವರು ಬೇರೆ. ಕೈಪಿಡಿಯ ವಿವರಗಳಲ್ಲಿ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಅಥವಾ ಇಎಸ್‌ಸಿ/ಪಿ ಎಂದಿದ್ದರೆ ಪುಟ ಕಟ್ಟುವ ಕೆಲಸ ಪ್ರಿಂಟರಿಗೇ ಗೊತ್ತು. ಹೋಸ್ಟ್ ಬೇಸ್ಡ್, ಜಿಡಿಐ ಅಥವಾ ಕ್ಯಾಪ್ಟ್ ಎಂದಿದ್ದರೆ ಪುಟವನ್ನೆಲ್ಲ ಕಂಪ್ಯೂಟರೇ ಸಿದ್ಧಮಾಡಿ ಕೊಡಬೇಕು. ನಮ್ಮಲ್ಲಿ ಜನಪ್ರಿಯವಾದ ಎರಡೂ ಎರಡನೆಯ ಜಾತಿಯವು. ಕ್ಯಾನನ್ 2900 ಕ್ಯಾಪ್ಟ್ ಬಿಟ್ಟು ಬೇರೆ ಭಾಷೆ ಅರಿಯದು. ಎಚ್‌ಪಿ 1020ಕ್ಕಂತೂ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ ಎಂಬ ಒಳ ತಂತ್ರಾಂಶ ಹೋಗಬೇಕು. ಪ್ರಿಂಟರು ಅದನ್ನು ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ.

‘ಪ್ರಿಂಟ್ ಸರ್ವರ್’ ಎಂಬ ಸಣ್ಣ ಡಬ್ಬಿ ಅನೇಕ ಕಡೆ ಸೋಲುವುದು ಇದಕ್ಕೇ. ಒಂದು ಕಡೆ ಪ್ರಿಂಟರಿನ ಕೇಬಲ್, ಇನ್ನೊಂದು ಕಡೆ ನೆಟ್‌ವರ್ಕ್ ಕೇಬಲ್ ಹಾಕಿದರೆ ಆಯಿತು ಎನ್ನುತ್ತಾರೆ. ತಲೆಯಿರುವ ಪ್ರಿಂಟರಿಗೆ ಅಷ್ಟೇ ಸಾಕು. ಹೋಸ್ಟ್ ಬೇಸ್ಡ್ ಪ್ರಿಂಟರಾದರೆ ತಯಾರಕರ ಹೊಂದಾಣಿಕೆಯ ಪಟ್ಟಿಯಲ್ಲಿ ನಿಮ್ಮ ಮಾದರಿಯ ಹೆಸರನ್ನು ಕಣ್ಣಾರೆ ನೋಡಿದ ಮೇಲೆಯೇ ಡಬ್ಬಿ ಕೊಳ್ಳಿ. ಅಂಗಡಿಯವರ ‘ಆಗುತ್ತೆ ಸರ್’ ಅನ್ನು ನಂಬಬೇಡಿ.

ನೆಟ್‌ವರ್ಕ್ ಕಿಂಡಿ ಇದ್ದರೆ

ಕೇಬಲ್ ಹಾಕಿ, ಪ್ರಿಂಟರಿನ ಮೆನುವಿನಿಂದ ಅಥವಾ ಗುಂಡಿ ಒತ್ತಿಹಿಡಿದು ಕಾನ್ಫಿಗರೇಷನ್ ಪುಟ ತೆಗೆಯಿರಿ. ಅದರಲ್ಲಿ 192.168 ಎಂದು ಶುರುವಾಗುವಂಥ ಐಪಿ ವಿಳಾಸ ಇರುತ್ತದೆ. ರೌಟರಿನ ಸೆಟ್ಟಿಂಗಿಗೆ ಹೋಗಿ ಆ ವಿಳಾಸವನ್ನು ಈ ಪ್ರಿಂಟರಿಗೇ ಕಾಯ್ದಿರಿಸಿ. ಆಮೇಲೆ ಪ್ರತಿ ಕಂಪ್ಯೂಟರಿನಲ್ಲೂ ‘ಆಡ್ ಪ್ರಿಂಟರ್’ಗೆ ಹೋಗಿ, ಟಿಸಿಪಿ/ಐಪಿ ವಿಳಾಸದ ಮೂಲಕ ಸೇರಿಸುವುದನ್ನು ಆರಿಸಿ, ಆ ಅಂಕಿಗಳನ್ನು ಕೊಟ್ಟರೆ ಮುಗಿಯಿತು. ವಿಂಡೋಸ್ ಸಾಮಾನ್ಯವಾಗಿ 9100ನೇ ಪೋರ್ಟನ್ನು ಹಿಡಿಯುತ್ತದೆ. ಮನೆಯಿಂದ ಪ್ರಿಂಟ್ ಕೊಡಬೇಕೆಂದು ಈ ಪೋರ್ಟನ್ನು ರೌಟರಿನಲ್ಲಿ ಹೊರಜಗತ್ತಿಗೆ ತೆರೆಯಬೇಡಿ. ಇದಕ್ಕೆ ಪಾಸ್‌ವರ್ಡ್ ಇಲ್ಲ; ಬಂದದ್ದನ್ನೆಲ್ಲ ಅಚ್ಚು ಹಾಕುತ್ತದೆ.

ಯುಎಸ್‌ಬಿ ಮಾತ್ರ ಇದ್ದರೆ

ಹೆಚ್ಚಿನವರ ಪಾಡು ಇದು. ಪ್ರಿಂಟರನ್ನು ಒಂದು ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಅದರಿಂದ ಉಳಿದವರಿಗೆ ಹಂಚುವುದು ಖರ್ಚಿಲ್ಲದ ದಾರಿ. ಕಚೇರಿ ತೆರೆದಿರುವಷ್ಟು ಹೊತ್ತೂ ಆನ್ ಇರುವ ಕಂಪ್ಯೂಟರನ್ನು ಇದಕ್ಕೆ ಆರಿಸಿ, ಸ್ಲೀಪ್ ಆಗದಂತೆ ಮಾಡಿಡಿ. ಅದು ಮಲಗಿದರೆ ಎಲ್ಲರ ಪ್ರಿಂಟೂ ಮಲಗುತ್ತದೆ. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರ ಬೇಡ. ಅದು ಮಾತಾಡುವ ಎಸ್‌ಎಂಬಿ 1 ಎಂಬ ವಿಧಾನದ ದೋಷವನ್ನು ಹಿಡಿದೇ 2017ರಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು. ಅದೇ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟೇ ಕೊಡುತ್ತಿದೆ. ಪ್ರಿಂಟರಿಗಾಗಿ ಅದನ್ನು ಮತ್ತೆ ಆನ್ ಮಾಡುವುದು ಬೇಡ.

ಇನ್ನು ಕೆಲಸ. ಆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ‘ಪ್ರೈವೇಟ್’ ಆರಿಸಿ. ಶೇರಿಂಗ್ ಸೆಟ್ಟಿಂಗಿನಲ್ಲಿ ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಪ್ರಿಂಟರ್ ಪ್ರಾಪರ್ಟೀಸ್‌ನ ‘ಶೇರಿಂಗ್’ ಪುಟದಲ್ಲಿ ಗುರುತು ಹಾಕಿ, ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರು ಕೊಡಿ. ನಡುವೆ ಖಾಲಿ ಜಾಗ ಬಿಡಬೇಡಿ.

ಇಲ್ಲಿ ರಿಪೇರಿಯವರು ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಹಾಕಿ ಹೋಗುವ ಅಭ್ಯಾಸವಿದೆ. ಅದು ತಪ್ಪು, ಈಗ ನಡೆಯುವುದೂ ಇಲ್ಲ: ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ತಾನಾಗಿ ಒಪ್ಪುವುದಿಲ್ಲ. ಬದಲಿಗೆ ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ಪ್ರಿಂಟಿಗೆಂದೇ ಒಂದು ಸಾಮಾನ್ಯ ಬಳಕೆದಾರರ ಖಾತೆ ತೆರೆದು ಪಾಸ್‌ವರ್ಡ್ ಇಡಿ. ಅದಕ್ಕೆ ಅಡ್ಮಿನ್ ಅಧಿಕಾರ ಬೇಡ.

ಉಳಿದ ಕಂಪ್ಯೂಟರುಗಳಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ಕಂಪ್ಯೂಟರಿನ ಹೆಸರು ಬರೆದು ಎಂಟರ್ ಕೊಡಿ. ಹೊಸ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟು, ನೆನಪಿಟ್ಟುಕೊಳ್ಳಲು ಹೇಳಿ. ಪ್ರಿಂಟರಿನ ಚಿತ್ರ ಕಾಣುತ್ತದೆ. ಬಲಗುಂಡಿ ಒತ್ತಿ ‘ಕನೆಕ್ಟ್’ ಎನ್ನಿ.

ಇಲ್ಲಿಗೆ ಬಂದು ಅನೇಕರ ಗಾಡಿ ನಿಲ್ಲುತ್ತದೆ. ಕೊನೆಯಲ್ಲಿ 11ಬಿ ಎಂದಿರುವ ಎರರ್ ಬಂದರೆ ಗಾಬರಿ ಬೇಡ. 2021ರಲ್ಲಿ ವಿಂಡೋಸ್ ಪ್ರಿಂಟಿಂಗ್ ವ್ಯವಸ್ಥೆಯ ದೋಷಗಳು ಬಯಲಾದ ಮೇಲೆ ಮೈಕ್ರೋಸಾಫ್ಟ್ ಪ್ರಿಂಟರ್ ಹಂಚಿಕೆಯ ಬಾಗಿಲುಗಳನ್ನು ಒಂದೊಂದಾಗಿ ಬಿಗಿ ಮಾಡಿತು, ಅದರ ಫಲ ಇದು. ರಿಜಿಸ್ಟ್ರಿಯಲ್ಲಿ ಒಂದು ಅಂಕಿಯನ್ನು ಸೊನ್ನೆ ಮಾಡಿ ಎಂಬ ಸಲಹೆ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಗೆ ಮಾಡಿದರೆ ಪ್ರಿಂಟು ಬರುತ್ತದೆ, ಜೊತೆಗೆ ಬಿಗಿ ಮಾಡಿದ ಬಾಗಿಲೂ ತೆರೆದುಕೊಳ್ಳುತ್ತದೆ. ಅದರ ಬದಲು ಹೀಗೆ ಮಾಡಿ: ಪ್ರಿಂಟ್ ಬೇಕಾದ ಕಂಪ್ಯೂಟರಿನಲ್ಲಿ ‘ಲೋಕಲ್ ಪ್ರಿಂಟರ್’ ಎಂದೇ ಸೇರಿಸಲು ಹೊರಡಿ. ಹೊಸ ಪೋರ್ಟ್ ಕೇಳಿದಾಗ ‘ಲೋಕಲ್ ಪೋರ್ಟ್’ ಆರಿಸಿ. ಪೋರ್ಟಿನ ಹೆಸರಾಗಿ ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಪ್ರಿಂಟರಿನ ಶೇರ್ ಹೆಸರು ಬರೆಯಿರಿ. ಡ್ರೈವರ್ ಕೇಳಿದಾಗ ‘ಹ್ಯಾವ್ ಡಿಸ್ಕ್’ ಒತ್ತಿ, ಡೌನ್‌ಲೋಡ್ ಮಾಡಿಟ್ಟುಕೊಂಡ ಡ್ರೈವರ್ ತೋರಿಸಿ. ಪಾಸ್‌ವರ್ಡನ್ನು ಮೊದಲೇ ನೆನಪಿಟ್ಟುಕೊಳ್ಳುವಂತೆ ಮಾಡಿದ್ದರಷ್ಟೇ ಈ ಪೋರ್ಟ್ ಸ್ವೀಕಾರವಾಗುತ್ತದೆ, ಮರೆಯಬೇಡಿ.

ಡ್ರೈವರ್ ಅಂದಾಗ ಒಂದು ಮಾತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಪ್ರಿಂಟರಿನ ಜೊತೆ ಬಂದ ಹಳೆಯ ಸಿಡಿಯಲ್ಲಿ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅದು ಉಪಯೋಗಕ್ಕೆ ಬಾರದು. ಕಂಪನಿಯ ತಾಣದಿಂದಲೇ 64 ಬಿಟ್ ಡ್ರೈವರ್ ಇಳಿಸಿಕೊಂಡು ಎರಡು ಪ್ರತಿ ಮಾಡಿಡಿ. ಹಳೆಯ ಮಾದರಿಗಳ ಡ್ರೈವರುಗಳು ತಾಣದಲ್ಲಿ ಎಂದೆಂದಿಗೂ ಇರುವುದಿಲ್ಲ.

ಕಂಪ್ಯೂಟರನ್ನು ದಿನವಿಡೀ ಆನ್ ಇಡುವುದು ಬೇಡವೆಂದರೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಇದೆ. ಅದರಲ್ಲಿ ಲಿನಕ್ಸ್ ಜೊತೆಗೆ ಕಪ್ಸ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಅದೇ ಪ್ರಿಂಟ್ ಸರ್ವರ್ ಆಗುತ್ತದೆ. ಎಚ್‌ಪಿ 1020ಕ್ಕೆ ಫೂ2ಝಡ್‌ಜೆಎಸ್ ಎಂಬ ಡ್ರೈವರ್ ಇದ್ದು, ಫರ್ಮ್‌ವೇರ್ ಕಳಿಸುವ ಕೆಲಸವನ್ನೂ ಒಮ್ಮೆ ಹೊಂದಿಸಿಟ್ಟರೆ ಅದೇ ನೋಡಿಕೊಳ್ಳುತ್ತದೆ. ಮೊಬೈಲಿನಿಂದಲೂ ಪ್ರಿಂಟ್ ಕೊಡಬಹುದು. ಲಿನಕ್ಸ್ ಬಲ್ಲ ಒಬ್ಬರು ಹತ್ತಿರದಲ್ಲಿದ್ದರೆ ನನ್ನ ಮತ ಇದಕ್ಕೇ. ಕ್ಯಾನನ್ 2900 ಇದ್ದವರು ಈ ಗೋಜಿಗೆ ಹೋಗದಿರುವುದು ಮೇಲು. ಕ್ಯಾನನ್ ತನ್ನ ಲಿನಕ್ಸ್ ಡ್ರೈವರನ್ನು ಮಾಡಿದ್ದು ಇಂಟೆಲ್ ಮಾದರಿಯ ಯಂತ್ರಗಳಿಗೆ, ಪೈ ಆ ಮಾದರಿಯದಲ್ಲ.

ಡಾಟ್ ಮ್ಯಾಟ್ರಿಕ್ಸ್ ಇದ್ದರೆ

ಕಾರ್ಬನ್ ಪ್ರತಿ ಬೇಕಾದ ಸೊಸೈಟಿ ಮತ್ತು ಮಂಡಿಗಳಲ್ಲಿ ಇವು ಇನ್ನೂ ಕಿರಗುಟ್ಟುತ್ತಿವೆ. ಲೇಸರಿನಿಂದ ಆ ಕೆಲಸ ಆಗದು. ಹೊಸ ಕಂಪ್ಯೂಟರಿನಲ್ಲಿ ಪ್ಯಾರಲಲ್ ಪೋರ್ಟ್ ಇರುವುದಿಲ್ಲ. ಯುಎಸ್‌ಬಿ–ಪ್ಯಾರಲಲ್ ಕೇಬಲ್ ಹಾಕಿದರೆ ಅದು ಪ್ಯಾರಲಲ್ ಪೋರ್ಟಿನ ಹೆಸರಾದ ಎಲ್‌ಪಿಟಿ 1 ಆಗಿ ಕಾಣದೆ ಯುಎಸ್‌ಬಿ 001 ಎಂಬ ಪೋರ್ಟಾಗಿ ಕಾಣುತ್ತದೆ. ಡ್ರೈವರಿನ ‘ಪೋರ್ಟ್ಸ್’ ಪುಟದಲ್ಲಿ ಅದನ್ನೇ ಆರಿಸಿ, ಮೇಲೆ ಹೇಳಿದಂತೆ ಹಂಚಿ. ಬಿಲ್ ಹಾಕುವ ತಂತ್ರಾಂಶ ಡಾಸ್ ಕಾಲದ್ದಾಗಿದ್ದು ಎಲ್‌ಪಿಟಿ 1 ಬಿಟ್ಟು ಬೇರೇನೂ ಒಪ್ಪದಿದ್ದರೆ, ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್ ಯೂಸ್’ ಆದೇಶದಿಂದ ಎಲ್‌ಪಿಟಿ 1ನ್ನು ಆ ಶೇರ್ ಹೆಸರಿಗೆ ಕಟ್ಟಬಹುದು. ಡಾಟ್ ಮ್ಯಾಟ್ರಿಕ್ಸ್‌ಗೆ ಬರಿಯ ಅಕ್ಷರ ಕಳಿಸಿದರೂ ಅಚ್ಚು ಹಾಕಲು ಬರುವುದರಿಂದ ಇದು ನಡೆಯುತ್ತದೆ. ಹೋಸ್ಟ್ ಬೇಸ್ಡ್ ಲೇಸರಿಗೆ ಈ ಉಪಾಯ ನಡೆಯದು.

ಕನ್ನಡ ಮಾತ್ರ ಹೀಗೆ ಹೋಗುವುದಿಲ್ಲ. ಅದು ವಿಂಡೋಸ್ ಡ್ರೈವರಿನ ಮೂಲಕ ಚಿತ್ರವಾಗಿಯೇ ಹೋಗಬೇಕು, ನಿಧಾನವಾಗುತ್ತದೆ. ಹಂಚಿಕೆ ಆದ ಮೇಲೆ ‘ನುಡಿ ಅಕ್ಷರ ಎಲ್ಲ ಇಂಗ್ಲಿಷ್ ಗಲೀಜಾಗಿ ಬರ್ತಿದೆ’ ಎಂಬ ದೂರು ಬಂದರೆ ಪ್ರಿಂಟರನ್ನು ಬೈಯಬೇಡಿ. ಪ್ರಿಂಟ್ ಕೊಟ್ಟ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲ ಎಂದೇ ಅರ್ಥ. ಅಲ್ಲಿ ಫಾಂಟ್ ಹಾಕಿ, ಇಲ್ಲವೇ ಇರುವ ಕಡೆಯೇ ಪಿಡಿಎಫ್ ಮಾಡಿ ಕಳಿಸಿ.

ಕೊನೆಗೆ ಕರೆಂಟಿನ ಮಾತು: ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸಬೇಡಿ. ಟೋನರನ್ನು ಕಾಗದಕ್ಕೆ ಕರಗಿಸುವ ಹೀಟರು ಒಮ್ಮೆಲೇ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಡೆಯಲಾರದು. ರೌಟರು ಮತ್ತು ಪ್ರಿಂಟರ್ ಹಂಚುವ ಕಂಪ್ಯೂಟರು ಯುಪಿಎಸ್ ಮೇಲಿರಲಿ, ಪ್ರಿಂಟರು ನೇರ ಗೋಡೆಯ ಪ್ಲಗ್ಗಿಗೆ. ಎಲ್ಲ ಜೋಡಿಸಿದ ಮೇಲೆ ಒಂದು ಸಂಜೆ ಮೇನ್ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿ, ಪ್ರತಿ ಮೇಜಿನಿಂದಲೂ ಒಂದೊಂದು ಪುಟ ಕೊಟ್ಟು ನೋಡಿ. ಕರೆಂಟು ಹೋಗಿ ಬಂದ ಮೇಲೂ ಬಂದ ಪ್ರಿಂಟೇ ಲೆಕ್ಕ.