ನನ್ನ ಮನೆ, ನಮ್ಮ ಸೊಸೈಟಿ

ಸೋಲಾಪುರ, ಪುಣೆ, ಮುಂಬಯಿಯಂಥ ಊರುಗಳಲ್ಲಿ ಎತ್ತರವಾದ ಕಟ್ಟಡಗಳನ್ನು ನೀವು ನೋಡಿರುತ್ತೀರಿ. ಅನೇಕ ಕಟ್ಟಡಗಳ ಗೇಟಿನ ಬಳಿ ಒಂದು ಫಲಕವಿರುತ್ತದೆ. ಅದರ ಮೇಲೆ ಕಟ್ಟಡದ ಹೆಸರು, ಮುಂದೆ 'ಸಹಕಾರಿ ಗೃಹನಿರ್ಮಾಣ ಸಂಸ್ಥಾ ಮರ್ಯಾದಿತ' ಎಂದು ಬರೆದಿರುತ್ತದೆ. ಜನರು ಇದನ್ನೇ ಸುಲಭವಾಗಿ 'ಸೊಸೈಟಿ' ಎಂದು ಕರೆಯುತ್ತಾರೆ. ನಿಮ್ಮಲ್ಲಿ ಕೆಲವರು ಸೊಸೈಟಿಯಲ್ಲಿ ವಾಸಿಸುತ್ತಿರಬಹುದು. ಕೆಲವರು ಚಾಳಿನಲ್ಲಿ, ವಾಡೆಯಲ್ಲಿ ಅಥವಾ ಹಳ್ಳಿಯ ಸ್ವಂತ ಮನೆಯಲ್ಲಿ ಇರಬಹುದು. ಸೊಸೈಟಿ ಎಂದರೇನು? ಅಲ್ಲಿ ಇರುವುದರಿಂದ ಆಗುವ ಅನುಕೂಲಗಳೇನು, ಅನಾನುಕೂಲಗಳೇನು? ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಸಹಕಾರದ ಹಾದಿ

ಒಬ್ಬನಿಂದ ಆಗದ ಕೆಲಸವನ್ನು ಹತ್ತು ಜನ ಕೂಡಿ ಮಾಡುವುದೇ ಸಹಕಾರ. ನಮ್ಮ ದೇಶದಲ್ಲಿ ಸಹಕಾರಿ ಸಂಘಗಳಿಗೆ 1904ರಲ್ಲಿ ಮೊದಲ ಕಾಯದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದರು. ಆಗ ಗದಗ, ಸೋಲಾಪುರ ಎರಡೂ ಮುಂಬಯಿ ಪ್ರಾಂತದಲ್ಲಿಯೇ ಇದ್ದವು.

ಬೀಜ, ಗೊಬ್ಬರಕ್ಕೆ ಕೂಡಿದ ಜನ ಮನೆಗಾಗಿಯೂ ಕೂಡಬಾರದೇಕೆ? ನೌಕರಿಗಾಗಿ ಕೆನರಾ ಜಿಲ್ಲೆಗಳಿಂದ ಮುಂಬಯಿಗೆ ಬಂದಿದ್ದ ಕುಟುಂಬಗಳಿಗೆ ಅಲ್ಲಿ ವಸತಿಯ ತೊಂದರೆ ಇತ್ತು. 1915ರಲ್ಲಿ ಎಸ್. ಎಸ್. ತಲ್ಮಕಿ ಅವರ ಮುಂದಾಳತನದಲ್ಲಿ ಅವರು ಮುಂಬಯಿಯ ಗಾಂವದೇವಿಯಲ್ಲಿ 'ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಸ್ಥೆ'ಯನ್ನು ಸ್ಥಾಪಿಸಿದರು. ಇದು ದೇಶದ ಅತಿ ಹಳೆಯ ಗೃಹನಿರ್ಮಾಣ ಸೊಸೈಟಿಗಳಲ್ಲಿ ಒಂದು. ಇಂದು ನಮ್ಮ ರಾಜ್ಯದ ಸೊಸೈಟಿಗಳೆಲ್ಲ 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯದೆಯಂತೆ ನಡೆಯುತ್ತವೆ.

ನಮ್ಮ ಸೋಲಾಪುರದ ಬಳಿಯೇ ಒಂದು ದೊಡ್ಡ ಉದಾಹರಣೆ ಇದೆ. ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವಾಗ ಕುಂಭಾರಿ ಎಂಬ ಊರು ಬರುತ್ತದೆ. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ ಸೊಸೈಟಿ ಮಾಡಿಕೊಂಡರು. ಕೇಂದ್ರ ಸರಕಾರ ಒಂದು ಪಾಲು, ರಾಜ್ಯ ಸರಕಾರ ಒಂದು ಪಾಲು, ತಾವು ಒಂದು ಪಾಲು ಹಣ ಹಾಕಿ ಹತ್ತು ಸಾವಿರ ಮನೆಗಳನ್ನು ಕಟ್ಟಿಸಿಕೊಂಡರು. 2006ರಲ್ಲಿ ಆ ಮನೆಗಳು ಅವರ ಕೈಸೇರಿದವು. ಅದೇ ಕುಂಭಾರಿಯ ರೇನಗರದಲ್ಲಿ ಮಗ್ಗದ ಕೆಲಸಗಾರರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು ಮೊದಲಾದವರಿಗಾಗಿ ಕಟ್ಟಿದ ಹದಿನೈದು ಸಾವಿರ ಮನೆಗಳನ್ನು 2024ರ ಜನವರಿಯಲ್ಲಿ ಹಸ್ತಾಂತರಿಸಲಾಯಿತು. ದಿನದ ಕೂಲಿಯಲ್ಲಿ ಬದುಕುವ ಒಬ್ಬ ತಾಯಿ ಒಬ್ಬಳೇ ಹೋಗಿ ಕೇಳಿದ್ದರೆ ಮನೆ ಸಿಗುತ್ತಿತ್ತೇ? ಯೋಚಿಸಿರಿ.

ಸೊಸೈಟಿ ಹೇಗೆ ನಡೆಯುತ್ತದೆ?

ಮನೆ ಕೊಂಡವರೆಲ್ಲ ಸೊಸೈಟಿಯ ಸದಸ್ಯರಾಗುತ್ತಾರೆ. ಮನೆ ದೊಡ್ಡದಿರಲಿ, ಸಣ್ಣದಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಸದಸ್ಯರು ಐದು ವರ್ಷಕ್ಕೊಮ್ಮೆ ಒಂದು ಸಮಿತಿಯನ್ನು ಆರಿಸುತ್ತಾರೆ. ಅದರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಪ್ರತಿವರ್ಷ ಸಪ್ಟೆಂಬರ ತಿಂಗಳು ಮುಗಿಯುವುದರೊಳಗೆ ಎಲ್ಲ ಸದಸ್ಯರ ವಾರ್ಷಿಕ ಸಭೆ ಕರೆಯಬೇಕು. ಹೋದ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಅಲ್ಲಿ ಒಪ್ಪಿಸಬೇಕು. ಇದು ನಿಮ್ಮ ಊರಿನ ಗ್ರಾಮಸಭೆಯ ಹಾಗೆಯೇ ಅಲ್ಲವೇ?

ಅನುಕೂಲಗಳು

ನಳಕ್ಕೆ ದಿನಾಲು ನೀರು ಬಾರದ ಊರುಗಳಲ್ಲಿ ಪ್ರತಿ ಮನೆಯವರೂ ಬೇರೆ ಬೇರೆ ಟಾಕಿ ಕಟ್ಟಿಸುವುದು ಕಷ್ಟ. ಸೊಸೈಟಿಯಲ್ಲಿ ಎಲ್ಲರೂ ಸೇರಿ ಒಂದು ದೊಡ್ಡ ಟಾಕಿ ಕಟ್ಟಿಸಬಹುದು, ಬೋರ್‌ವೆಲ್ ಕೊರೆಸಬಹುದು. ಗೇಟಿಗೆ ವಾಚ್‌ಮನ್ ಇಡಬಹುದು. ಮೆಟ್ಟಿಲ ದೀಪ, ಕಸದ ವಿಲೇವಾರಿ, ಗಟಾರದ ಸ್ವಚ್ಛತೆ ಇವೆಲ್ಲ ಎಲ್ಲರ ಹಣದಿಂದ ನಡೆಯುತ್ತವೆ. ತಿಂಗಳು ತಿಂಗಳು ಕೂಡಿಟ್ಟ ದುರಸ್ತಿ ನಿಧಿಯಿಂದ ಮಳೆಗಾಲಕ್ಕೆ ಮೊದಲೇ ಸೋರುವ ಗಚ್ಚಿಯನ್ನು ರಿಪೇರಿ ಮಾಡಿಸಬಹುದು. ಹಬ್ಬ-ಹುಣ್ಣಿಮೆಗೆ ಎಲ್ಲರೂ ಕೂಡುತ್ತಾರೆ. ತಾಯಿ-ತಂದೆ ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಕಾಕೂ ಮಕ್ಕಳ ಮೇಲೆ ಒಂದು ಕಣ್ಣಿಡುತ್ತಾರೆ.

ಅನಾನುಕೂಲಗಳು

ಈಗ ಇನ್ನೊಂದು ಬದಿಯನ್ನೂ ನೋಡೋಣ. ಒಂದು ಕಟ್ಟಡವನ್ನು ಕಣ್ಣಮುಂದೆ ತಂದುಕೊಳ್ಳಿರಿ. ಅದರಲ್ಲಿ ಹದಿನಾರು ಮನೆಗಳಿವೆ. ಲಿಫ್ಟಿಗೆ ತಿಂಗಳಿಗೆ 4,800 ರೂಪಾಯಿ ಖರ್ಚು ಬರುತ್ತದೆ. ಹದಿನಾರು ಮನೆಗಳಿಗೆ ಹಂಚಿದರೆ ಒಂದು ಮನೆಗೆ 300 ರೂಪಾಯಿ. ಕೆಳಗಿನ ಮನೆಯ ಅಜ್ಜಿ ಹೇಳುತ್ತಾಳೆ, "ನಾನು ಲಿಫ್ಟ್ ಹತ್ತೋದೇ ಇಲ್ಲ. ನಾನ್ಯಾಕೆ ರೊಕ್ಕ ಕೊಡಬೇಕು?" ಆದರೆ ಸೊಸೈಟಿಯ ನಿಯಮದಂತೆ, ಬಳಸಲಿ ಬಿಡಲಿ, ಲಿಫ್ಟಿನ ಖರ್ಚನ್ನು ಆ ಕಟ್ಟಡದವರೆಲ್ಲ ಸಮನಾಗಿ ಕೊಡಬೇಕು. ನಾಲ್ಕನೆಯ ಮಹಡಿಯಲ್ಲಿ ಮೊಣಕಾಲು ನೋವಿನ ಅಜ್ಜ ಇದ್ದಾನೆ. ಲಿಫ್ಟ್ ನಿಂತರೆ ಅವನು ಮನೆಯಲ್ಲೇ ಕೂಡಬೇಕು. ಅಜ್ಜಿಯ ಮಾತಿನಲ್ಲಿ ಹುರುಳಿದೆ, ಅಜ್ಜನ ಅಗತ್ಯವೂ ನಿಜ. ಸೊಸೈಟಿಯ ಕಷ್ಟ ಇರುವುದೇ ಇಲ್ಲಿ.

ಹಳ್ಳಿಯ ಮನೆಯಲ್ಲಿ ಹಪ್ಪಳ-ಸಂಡಿಗೆ ಒಣಗಿಸಲು, ಜೋಳ ಹರವಲು ಯಾರನ್ನೂ ಕೇಳಬೇಕಾಗಿಲ್ಲ. ಸೊಸೈಟಿಯ ಗಚ್ಚಿ ಎಲ್ಲರದು. ಅದಕ್ಕೆ ಬೀಗ ಹಾಕಿದರೆ ಕೇಳಿ ಪಡೆಯಬೇಕು. ಅಂಗಳದಲ್ಲಿ ಕ್ರಿಕೆಟ್ ಆಡಬಾರದು ಎಂಬ ಫಲಕ ನೋಡಿ ನಿಮಗೂ ಬೇಸರವಾಗಿರಬಹುದು.

ಮಗ್ಗ ನಿಂತು ಕೂಲಿ ತಪ್ಪಿದ ಮನೆಯವರಿಗೆ ತಿಂಗಳ ಶುಲ್ಕ ತುಂಬುವುದು ಕಷ್ಟ. ಬಾಕಿ ಉಳಿದರೆ ಅದರ ಮೇಲೆ ಬಡ್ಡಿ ಬೀಳುತ್ತದೆ. ಬಾಡಿಗೆಗೆ ಇರುವವರು ಎಲ್ಲ ನಿಯಮಗಳನ್ನು ಪಾಲಿಸಬೇಕು, ಆದರೆ ಸಭೆಯಲ್ಲಿ ಅವರಿಗೆ ಮತವಿಲ್ಲ. ಕೆಲವು ಕಡೆ ಸಭೆಗೆ ನಾಲ್ಕೇ ಜನ ಬರುತ್ತಾರೆ. ಆಗ ಅವರು ಹೇಳಿದ್ದೇ ನಿಯಮವಾಗುತ್ತದೆ. ನೋಟಿಸು ಮರಾಠಿಯಲ್ಲಿ ಮಾತ್ರ ಇದ್ದರೆ ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಸಭೆ ಇರುವುದೇ ತಿಳಿಯುವುದಿಲ್ಲ.

ನಾವೇನು ಮಾಡಬೇಕು?

ಅನುಕೂಲವೂ ಅನಾನುಕೂಲವೂ ಒಂದೇ ಬೇರಿನಿಂದ ಹುಟ್ಟಿವೆ. ಆ ಬೇರು ಯಾವುದು? 'ಎಲ್ಲರೂ ಸೇರಿ ತೀರ್ಮಾನಿಸುವುದು.' ಎಲ್ಲರೂ ಬಂದು, ಎಲ್ಲರ ಮಾತು ಕೇಳಿ ಮಾಡಿದ ನಿಯಮ ಭಾರವೆನಿಸುವುದಿಲ್ಲ. ಕೆಲವರೇ ಕೂಡಿ ಮಾಡಿದ ನಿಯಮ ಉಳಿದವರಿಗೆ ಭಾರವಾಗುತ್ತದೆ. ಗಚ್ಚಿಯ ಮಾತನ್ನೇ ತೆಗೆದುಕೊಳ್ಳಿರಿ. ಬೀಗ ಹಾಕುವುದು ಒಂದು ದಾರಿ. ಟಾಕಿಯ ಬದಿ ಬಿಟ್ಟು ಒಂದು ಮೂಲೆಯನ್ನು ಬೇಸಿಗೆಯ ಎರಡು ತಿಂಗಳು ಹಪ್ಪಳಕ್ಕೆ ಬಿಟ್ಟುಕೊಡುವುದು ಇನ್ನೊಂದು ದಾರಿ. ಎರಡನೆಯ ದಾರಿ ಹೊಳೆಯಬೇಕಾದರೆ ಹಪ್ಪಳ ಮಾಡುವ ತಾಯಂದಿರು ಸಭೆಯಲ್ಲಿ ಇರಬೇಕು. ಸಮಿತಿಯು ನಿಯಮ ಮೀರಿ ನಡೆದರೆ ಸದಸ್ಯರು ಸಹಕಾರ ಇಲಾಖೆಯ ನಿಬಂಧಕರಿಗೆ ದೂರು ಕೊಡಬಹುದು. ಆದರೆ ಮೊದಲು ಎದುರಾ ಎದುರು ಕುಳಿತು ಮಾತನಾಡುವುದು ಒಳ್ಳೆಯದು.

ಮಕ್ಕಳೇ, ನಿಮಗೆ ಇನ್ನೂ ಮತವಿಲ್ಲ. ಆದರೂ ನಿಮಗೊಂದು ಕೆಲಸವಿದೆ. ನೀವು ಶಾಲೆಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಕಲಿಯುತ್ತೀರಿ. ಫಲಕದ ಮೇಲೆ ನೋಟಿಸು ಕಂಡರೆ ಮನೆಯ ಹಿರಿಯರಿಗೆ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿರಿ. "ಅಜ್ಜಿ, ರವಿವಾರ ಸಭೆ ಇದೆ, ನೀನು ಹೋಗು" ಎಂದು ನೆನಪು ಮಾಡಿರಿ. ನಿಮ್ಮ ಒಂದು ಮಾತಿನಿಂದ ಸಭೆಯಲ್ಲಿ ಒಂದು ದನಿ ಹೆಚ್ಚಾಗುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಣಗಿನಹಾಳದಲ್ಲಿ ಸಹಕಾರಿ ಸಂಘವನ್ನು ಯಾರು ಕಟ್ಟಿದರು?
2. ಸೊಸೈಟಿಯ ಒಬ್ಬ ಸದಸ್ಯನಿಗೆ ಎಷ್ಟು ಮತಗಳಿರುತ್ತವೆ?
3. ದುರಸ್ತಿ ನಿಧಿ ಯಾವುದಕ್ಕೆ ಉಪಯೋಗವಾಗುತ್ತದೆ?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕುಂಭಾರಿಯ ಬೀಡಿ ಕಾರ್ಮಿಕ ಮಹಿಳೆಯರಿಗೆ ಮನೆಗಳು ಹೇಗೆ ದೊರೆತವು?
2. ಸಭೆಗೆ ಎಲ್ಲರೂ ಏಕೆ ಹೋಗಬೇಕು?

ಇ) ಲೆಕ್ಕ ಮಾಡಿರಿ.
ಪಾಠದಲ್ಲಿಯ ಕಟ್ಟಡದ ಕೆಳಗಿನ ನಾಲ್ಕು ಮನೆಯವರು ಲಿಫ್ಟಿಗೆ ಹಣ ಕೊಡದಿದ್ದರೆ ಉಳಿದ ಪ್ರತಿ ಮನೆಗೆ ಎಷ್ಟು ಬೀಳುತ್ತದೆ?

ಈ) ಚರ್ಚಿಸಿರಿ.
"ಅಂಗಳದಲ್ಲಿ ಆಡಬಾರದು" ಎಂಬ ನಿಯಮವಿದೆ. ಗಾಜು ಒಡೆಯುತ್ತದೆ ಎಂದು ಹಿರಿಯರು, ಆಡಲು ಬೇರೆ ಜಾಗವಿಲ್ಲ ಎಂದು ಮಕ್ಕಳು ಹೇಳುತ್ತಾರೆ. ತರಗತಿಯಲ್ಲಿ ಎರಡು ಗುಂಪು ಮಾಡಿ ಮಾತನಾಡಿರಿ. ಇಬ್ಬರಿಗೂ ಒಪ್ಪಿಗೆಯಾಗುವ ಹೊಸ ನಿಯಮವೊಂದನ್ನು ಬರೆಯಿರಿ.

ಉಪಕ್ರಮ : ನಿಮ್ಮ ಓಣಿಯ ಅಥವಾ ಸೊಸೈಟಿಯ ಒಂದು ಮರಾಠಿ ನೋಟಿಸನ್ನು ಕನ್ನಡದಲ್ಲಿ ಬರೆದು ಮನೆಯ ಹಿರಿಯರಿಗೆ ಓದಿ ಹೇಳಿರಿ.